ವೆನಿಸ್: ನಡೆದು ನೋಡುವ ಊರಿಗೆ ಐದು ಯೂರೋ ಸುಂಕ

ಇಟಲಿಯ ವೆನಿಸ್ ನಗರ 2024ರ ಏಪ್ರಿಲ್ 25ರಂದು ಹೊಸದೊಂದು ಪದ್ಧತಿಗೆ ನಾಂದಿ ಹಾಡಿತು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರೊಳಗೆ ಹಳೆಯ ನಗರಕ್ಕೆ ಕಾಲಿಡುವ, ಆದರೆ ರಾತ್ರಿ ಅಲ್ಲಿ ತಂಗದ ಪ್ರವಾಸಿಗರು ತಲೆಗೆ ಐದು ಯೂರೋ ತೆರಬೇಕೆಂಬುದು ಆ ನಿಯಮ. ಮ್ಯೂಸಿಯಮ್ಮಿಗೆ ಟಿಕೆಟ್ ಉಂಟು, ಕೋಟೆಗೆ ಟಿಕೆಟ್ ಉಂಟು. ಜನ ವಾಸಿಸುವ ಊರಿನ ಬೀದಿಯಲ್ಲಿ ಸುಮ್ಮನೆ ನಡೆದಾಡುವುದಕ್ಕೂ ಸುಂಕವೇ ಎಂದು ಜಗತ್ತು ಹುಬ್ಬೇರಿಸಿತು. ಸ್ಥಳೀಯರಲ್ಲಿ ಕೆಲವರು ‘ನಮ್ಮ ಊರು ಉದ್ಯಾನವನವಲ್ಲ’ ಎಂದು ಬೀದಿಗಿಳಿದು ಪ್ರತಿಭಟಿಸಿದರು.

ಮೊದಲ ವರ್ಷ 29 ದಿನಗಳಿಗೆ ಸೀಮಿತವಾಗಿದ್ದ ಈ ಸುಂಕ 2025ರಲ್ಲಿ 54 ದಿನಗಳಿಗೆ ವಿಸ್ತರಿಸಿತು. ಮುಂಚಿತವಾಗಿ ಕಾದಿರಿಸಿದವರಿಗೆ ಐದು ಯೂರೋ, ಕೊನೆಯ ಗಳಿಗೆಯಲ್ಲಿ ಬಂದವರಿಗೆ ಹತ್ತು. ರಾತ್ರಿ ತಂಗುವವರು ಹೋಟೆಲಿನಲ್ಲಿ ಪ್ರತ್ಯೇಕ ತೆರಿಗೆ ಕೊಡುವುದರಿಂದ ಅವರಿಗೆ ವಿನಾಯಿತಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೂ, ಅಲ್ಲಿ ಓದುವವರಿಗೂ, ದುಡಿಯುವವರಿಗೂ ವಿನಾಯಿತಿ ಉಂಟು. ಅಂದರೆ ಸುಂಕದ ಗುರಿ ಒಂದೇ: ಬೆಳಿಗ್ಗೆ ಬಂದು ಸಂಜೆ ಹೊರಡುವ ಹಗಲು ಪ್ರವಾಸಿ.

ಗಂಡ ಹೆಂಡತಿ ಇಬ್ಬರು ಅಂಥ ಒಂದು ದಿನದ ಮಟ್ಟಿಗೆ ವೆನಿಸ್ ನೋಡಲು ಹೊರಟಿದ್ದಾರೆ ಎಂದು ಭಾವಿಸೋಣ. ಅವರು ಯಾವ ದೇಶದವರಾದರೂ ಆಗಬಹುದು. ಹೋಟೆಲು ಅಗ್ಗವೆಂದು ಮುಖ್ಯಭೂಮಿಯ ಮೆಸ್ತ್ರೆ ಪಟ್ಟಣದಲ್ಲಿ ಉಳಿದುಕೊಂಡಿದ್ದಾರೆ. ಮೆಸ್ತ್ರೆ ವೆನಿಸ್ ನಗರಪಾಲಿಕೆಗೇ ಸೇರಿದ್ದರಿಂದ ಅಲ್ಲಿ ತಂಗಿದವರಿಗೆ ಸುಂಕವಿಲ್ಲ. ವಿನಾಯಿತಿಯ ಸಂಕೇತ ಮೊಬೈಲಿನಲ್ಲಿದ್ದರೆ ಸಾಕು. ಆದರೆ ಹಳೆಯ ಊರಿನ ಪಾಲಿಗೆ ಅವರೂ ಹಗಲಿಗೆ ಬಂದು ಹೋಗುವವರೇ. ಕಾಲಲ್ಲಿ ಗಟ್ಟಿ ಬೂಟು, ಹೆಗಲಿಗೊಂದು ಚೀಲ. ಅವರಿಗೆ ಕಾಣುವುದೇನು, ಕಾಣದೆ ಹೋಗುವುದೇನು, ಇವರಂಥ ಲಕ್ಷಾಂತರ ಜನರ ಒಂದೊಂದು ದಿನ ಸೇರಿ ಆ ಊರಿಗೆ ಏನಾಗುತ್ತಿದೆ ಎಂಬುದು ಅರ್ಥವಾದರೆ ಸುಂಕದ ಹಿಂದಿನ ಸಂಕಟವೂ ಅರ್ಥವಾದೀತು.

ಗಾಲಿ ನಿಲ್ಲುವ ಜಾಗ

ವೆನಿಸ್‌ಗೆ ಹೋಗುವ ರೈಲು ಕೊನೆಯ ಮೂರೂವರೆ ಕಿಲೋಮೀಟರಿಗೂ ಹೆಚ್ಚು ದೂರ ನೀರಿನ ಮೇಲೆಯೇ ಓಡುತ್ತದೆ. ಎರಡೂ ಕಡೆ ಕಾಣುವುದು ಸಮುದ್ರವೂ ಅಲ್ಲ, ಸರೋವರವೂ ಅಲ್ಲ. ಮರಳಿನ ದಿಬ್ಬಗಳು ಸಮುದ್ರದಿಂದ ಬೇರ್ಪಡಿಸಿದ, ಆಳವಿಲ್ಲದ ಉಪ್ಪುನೀರಿನ ಹರವು. ಲಗೂನ್ ಎಂದು ಅದಕ್ಕೆ ಹೆಸರು. ಅದರ ನಡುವೆ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ಸೇತುವೆಗಳಿಂದ ಹೊಲಿದಂತೆ ಕಟ್ಟಿದ ಊರೇ ವೆನಿಸ್. ಈ ರೈಲು ಸೇತುವೆ 1846ರಲ್ಲಿ, ಆಸ್ಟ್ರಿಯನ್ನರ ಆಳ್ವಿಕೆಯಲ್ಲಿ ತೆರೆಯಿತು. ಅದಕ್ಕೆ ಮೊದಲು ದೋಣಿಯ ಹೊರತು ದಾರಿಯಿರಲಿಲ್ಲ. 1933ರಲ್ಲಿ ರಸ್ತೆ ಸೇತುವೆಯೂ ಬಂತು. ಆದರೆ ಬಸ್ಸು, ಕಾರುಗಳೆಲ್ಲ ಊರಿನ ಅಂಚಿನ ಪಿಯಾತ್ಸಾಲೆ ರೋಮಾದಲ್ಲೇ ನಿಲ್ಲಬೇಕು. ಅಲ್ಲಿಂದಾಚೆ ಸೈಕಲ್ಲಿಗೂ ಪ್ರವೇಶವಿಲ್ಲ.

ಸಾಂತಾ ಲೂಚಿಯಾ ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೇ ಮಹಾ ಕಾಲುವೆ. ಅಂಬುಲೆನ್ಸ್, ಅಗ್ನಿಶಾಮಕ, ಅಂಚೆ, ಸಿಮೆಂಟು, ಕಸ ಎಲ್ಲವೂ ದೋಣಿಯಲ್ಲೇ ಸಾಗುವುದನ್ನು ಇಲ್ಲಿ ಅರ್ಧ ಗಂಟೆ ನಿಂತು ನೋಡಬಹುದು. ಶವಯಾತ್ರೆಯೂ ದೋಣಿಯಲ್ಲೇ, ಸಾನ್ ಮಿಕೇಲೆ ಎಂಬ ದ್ವೀಪವೇ ಸ್ಮಶಾನ. ಸಾರಿಗೆ ದೋಣಿಯ ಒಂದು ಟಿಕೆಟ್‌ಗೆ ಒಂಬತ್ತೂವರೆ ಯೂರೋ ತೆರಬೇಕಾದ್ದರಿಂದ ನಮ್ಮ ದಂಪತಿ ನಡೆಯಲು ನಿರ್ಧರಿಸುತ್ತಾರೆ. ವಾಸ್ತವವಾಗಿ ಅದೇ ಸರಿಯಾದ ಆಯ್ಕೆ. ಇಲ್ಲಿಂದ ಪ್ರಸಿದ್ಧ ಸಾನ್ ಮಾರ್ಕೊ ಚೌಕಕ್ಕೆ ನೆಟ್ಟಗೆ ನಡೆದರೆ ಮುಕ್ಕಾಲು ಗಂಟೆಯೂ ಬೇಡ. ಇಷ್ಟು ಚಿಕ್ಕ ಊರಿನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿದ್ದು, ಬಹುಪಾಲು ಸೇತುವೆಗಳಿಗೆ ಮೆಟ್ಟಿಲುಗಳಿವೆ. ಗಾಲಿಯ ಸೂಟ್‌ಕೇಸು ಎಳೆದುಕೊಂಡು ಬಂದವರ ಗೋಳು ಮೂರನೆಯ ಸೇತುವೆಗೇ ಶುರುವಾಗುತ್ತದೆ. ಮಂಡಿನೋವಿನ ವೃದ್ಧರು ಈ ಊರು ಬಿಟ್ಟು ಹೋಗಲು ಇದೂ ಒಂದು ಕಾರಣ.

ದಾರಿಗಳ ಹೆಸರನ್ನು ಓದಲು ಕಲಿತರೆ ಊರೇ ತನ್ನ ಕಥೆ ಹೇಳುತ್ತದೆ. ಬೇರೆಡೆಯ ಇಟಲಿಯಲ್ಲಿ ಬೀದಿಗೆ ‘ವಿಯಾ’ ಎಂದರೆ ಇಲ್ಲಿ ‘ಕಾಲ್ಲೆ’. ಬೇರೆಡೆ ಚೌಕಕ್ಕೆ ‘ಪಿಯಾತ್ಸಾ’ ಎಂದರೆ ಇಲ್ಲಿ ‘ಕಾಂಪೊ’, ಅಂದರೆ ಹೊಲ; ಒಂದು ಕಾಲಕ್ಕೆ ಅಲ್ಲಿ ಹುಲ್ಲು ಬೆಳೆಯುತ್ತಿತ್ತು. ‘ರಿಯೊ’ ಎಂದರೆ ಕಾಲುವೆ, ‘ಫೊಂದಮೆಂತಾ’ ಎಂದರೆ ಕಾಲುವೆಯ ಅಂಚಿನ ದಾರಿ. ‘ರಿಯೊ ತೆರಾ’ ಎಂದು ಗೋಡೆಯ ಮೇಲೆ ಬರೆದಿದ್ದರೆ ನೀವು ನಿಂತಿರುವುದು ಮಣ್ಣು ತುಂಬಿ ಮುಚ್ಚಿದ ಕಾಲುವೆಯ ಮೇಲೆ ಎಂದರ್ಥ. ಹೆಸರುಗಳನ್ನು ಬಿಳಿ ಗಾರೆಯ ಮೇಲೆ ಕಪ್ಪಕ್ಷರದಲ್ಲಿ ಬರೆಯುತ್ತಾರೆ. ಆ ಫಲಕಗಳನ್ನು ಸ್ಥಳೀಯರು ‘ಪುಟ್ಟ ದುಪ್ಪಟಿ’ ಎಂಬರ್ಥದ ಮಾತಿನಲ್ಲಿ ಕರೆಯುತ್ತಾರೆ. ಮನೆ ಸಂಖ್ಯೆಯ ವಿಚಾರವಂತೂ ಅಂಚೆಯವನಿಗೆ ಮಾತ್ರ ಗೊತ್ತು. ಆರು ವಿಭಾಗಗಳಾದ ಊರಿನಲ್ಲಿ ಬೀದಿವಾರು ಸಂಖ್ಯೆಯಿಲ್ಲ, ಇಡೀ ವಿಭಾಗಕ್ಕೆ ಒಂದೇ ಸರಣಿ. ಕಾಸ್ತೆಲ್ಲೊ ವಿಭಾಗದಲ್ಲಿ ಅದು ಆರು ಸಾವಿರವನ್ನು ದಾಟುತ್ತದೆ.

ನಿಲ್ದಾಣದಿಂದ ಹೊರಟ ಜನಪ್ರವಾಹ ಹಳದಿ ಬಾಣದ ಗುರುತು ಹಿಡಿದು ಒಂದೇ ದಾರಿಯಲ್ಲಿ ಹರಿಯುತ್ತದೆ: ‘ರಿಯಾಲ್ಟೊಗೆ’, ‘ಸಾನ್ ಮಾರ್ಕೊಗೆ’. ಎರಡೂ ಬದಿಗೆ ಮುಖವಾಡ, ಬಣ್ಣದ ಗಾಜು, ತಂಪು ಡಬ್ಬಿಗಳ ಅಂಗಡಿಗಳು. ಈ ಪಟ್ಟೆಯನ್ನು ಬಿಟ್ಟು ಐವತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ಸದ್ದೇ ಅಡಗಿಬಿಡುತ್ತದೆ. ಹೊರಗಿನವರು ನೋಡುವ ವೆನಿಸ್‌ನ ಬಹುಭಾಗ ಈ ಪಟ್ಟೆಯೊಂದೇ ಎಂದರೆ ಅತಿಶಯೋಕ್ತಿಯಾಗದು.

ಬೀಗ ಬೀಳುತ್ತಿದ್ದ ಕೇರಿ

ದಂಪತಿ ಹಾಗೆ ಪಕ್ಕಕ್ಕೆ ಸರಿದ ಮೊದಲ ತಿರುವಿನಲ್ಲೇ, ಕಾನಾರೆಜೊ ವಿಭಾಗದಲ್ಲಿ, ತಗ್ಗು ಬಾಗಿಲಿನಂಥ ಒಂದು ಮುಚ್ಚಿಗೆಯ ದಾರಿ ಸಿಗುತ್ತದೆ. ಅದನ್ನು ದಾಟಿದರೆ ಯಹೂದ್ಯರ ಕೇರಿ. ಇಡೀ ಜಗತ್ತಿನ ಭಾಷೆಗಳಿಗೆ ‘ಘೆಟ್ಟೊ’ ಎಂಬ ಪದ ಹೋದದ್ದು ಇಲ್ಲಿಂದಲೇ. ಈ ಜಾಗದಲ್ಲಿ ಹಿಂದೆ ಲೋಹ ಎರಕ ಹೊಯ್ಯುವ ಕಾರ್ಖಾನೆಯಿತ್ತು. ಎರಕಕ್ಕೆ ವೆನಿಸಿನ ಮಾತಿನಲ್ಲಿದ್ದ ‘ಜೆತೊ’ ಎಂಬ ಶಬ್ದವೇ ‘ಘೆಟ್ಟೊ’ ಆಯಿತೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. 1516ರಲ್ಲಿ ವೆನಿಸ್ ಗಣರಾಜ್ಯವು ಊರಿನ ಯಹೂದ್ಯರೆಲ್ಲ ಈ ದ್ವೀಪದಲ್ಲೇ ಇರತಕ್ಕದ್ದೆಂದು ಆಜ್ಞೆ ಹೊರಡಿಸಿತು. ರಾತ್ರಿ ಬಾಗಿಲಿಗೆ ಬೀಗ. ಕಾಲುವೆಯಲ್ಲಿ ಕಾವಲು ದೋಣಿ. ಕಾವಲಿನ ಸಂಬಳವನ್ನೂ ಬಂಧಿತರೇ ಕೊಡಬೇಕಿತ್ತು.

ಜನ ಹೆಚ್ಚಿದರೂ ಜಾಗ ಹೆಚ್ಚಲಿಲ್ಲ. ಹಾಗಾಗಿ ಮನೆಗಳು ಮೇಲಕ್ಕೆ ಬೆಳೆದವು. ವೆನಿಸ್‌ನ ಉಳಿದೆಡೆ ಮೂರ್ನಾಲ್ಕು ಅಂತಸ್ತು ಸಾಮಾನ್ಯವಾದರೆ ಇಲ್ಲಿ ತಲೆ ತಾಗುವಷ್ಟು ತಗ್ಗು ಸೂರಿನ ಆರೇಳು ಅಂತಸ್ತುಗಳು. ಐದು ಪ್ರಾರ್ಥನಾ ಮಂದಿರಗಳಿದ್ದರೂ ಹೊರಗಿನಿಂದ ಅವುಗಳ ಗುರುತು ಹತ್ತುವುದು ಕಷ್ಟ. ಒಂದೆಡೆ ಸಾಲಾಗಿರುವ ಐದು ಕಿಟಕಿಗಳೇ ಸುಳಿವು. 1797ರಲ್ಲಿ ಗಣರಾಜ್ಯ ನೆಪೋಲಿಯನ್ನನಿಗೆ ಶರಣಾದಾಗ ಈ ಬಾಗಿಲುಗಳನ್ನು ಕಿತ್ತೊಗೆಯಲಾಯಿತು. ಆದರೆ 1943-44ರಲ್ಲಿ ನಾಜಿಗಳು ಈ ಊರಿನಿಂದ 200ಕ್ಕೂ ಹೆಚ್ಚು ಯಹೂದ್ಯರನ್ನು ಸಾಗಿಸಿದರು. ಚೌಕದ ಗೋಡೆಯ ಮೇಲಿನ ಕಂಚಿನ ಫಲಕಗಳು ಅದನ್ನು ನೆನಪಿಸುತ್ತವೆ.

ಇದೇ ಚೌಕದಲ್ಲಿ, ಹಾಗೂ ವೆನಿಸ್‌ನ ಬಹುತೇಕ ಪ್ರತಿಯೊಂದು ಚೌಕದಲ್ಲಿ, ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ಪ್ರವಾಸಿಗರು ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಆದರೆ ಒಂದು ಕ್ಷಣ ನಿಂತು ಯೋಚಿಸಬೇಕಾದ ಸಂಗತಿ ಅದು. ಸುತ್ತ ಉಪ್ಪುನೀರಿರುವ ಊರಿನಲ್ಲಿ ಬಾವಿ ತೋಡಿದರೆ ಸಿಹಿನೀರು ಹೇಗೆ ಬಂದೀತು? ಬರುತ್ತಿರಲಿಲ್ಲ. ಅದು ಬಾವಿಯೇ ಅಲ್ಲ, ಮಳೆನೀರಿನ ತೊಟ್ಟಿ. ಚೌಕವನ್ನು ಕೆಲವು ಮೀಟರ್ ಆಳಕ್ಕೆ ಅಗೆದು, ತಳಕ್ಕೂ ಬದಿಗಳಿಗೂ ಜೇಡಿಮಣ್ಣು ಬಳಿದು, ಮರಳು ತುಂಬಿಸಿ, ನಡುವೆ ಇಟ್ಟಿಗೆಯ ಕೊಳವೆ ಕಟ್ಟುತ್ತಿದ್ದರು. ಮೇಲಿನ ಚಪ್ಪಡಿ ತುಸು ಇಳಿಜಾರಾಗಿರುತ್ತಿತ್ತು. ಮಳೆನೀರು ತೂತುಗಲ್ಲುಗಳ ಮೂಲಕ ಇಳಿದು, ಮರಳಿನಲ್ಲಿ ಸೋಸಿಕೊಂಡು ಕೊಳವೆಯಲ್ಲಿ ತುಂಬುತ್ತಿತ್ತು. ಮಳೆನೀರು ಕೊಯ್ಲಿನ ಬಗ್ಗೆ ಇಂದು ನಮ್ಮ ನಗರಪಾಲಿಕೆಗಳು ಕರಪತ್ರ ಹಂಚುತ್ತಿವೆ. ವೆನಿಸ್ ಶತಮಾನಗಳ ಕಾಲ ಅದನ್ನೇ ಕುಡಿದು ಬದುಕಿತು. 1884ರಲ್ಲಿ ಮುಖ್ಯಭೂಮಿಯಿಂದ ಕೊಳಾಯಿ ಬಂದ ಬಳಿಕ ಬಾವಿಗಳ ಬಾಯಿಗೆ ಕಬ್ಬಿಣದ ಮುಚ್ಚಳ ಬಿತ್ತು.

ಮೆಣಸಿನ ಮಾರುಕಟ್ಟೆ

ಅಲ್ಲಿಂದ ಸಾಂತಾ ಸೊಫಿಯಾ ಎಂಬಲ್ಲಿಗೆ ಬಂದರೆ ಮಹಾ ಕಾಲುವೆ ದಾಟಲು ‘ತ್ರಾಗೆತ್ತೊ’ ಎಂಬ ಕಡವು ದೋಣಿಯುಂಟು. ಗೊಂಡೋಲದಂಥದ್ದೇ ದೋಣಿ, ಹಿಂದೊಬ್ಬ ಮುಂದೊಬ್ಬ ಹುಟ್ಟು ಹಾಕುವವರು, ಹೊರಗಿನವರಿಗೆ ಎರಡು ಯೂರೋ. ಅರ್ಧ ಗಂಟೆಯ ಗೊಂಡೋಲ ವಿಹಾರಕ್ಕೆ ಪಾಲಿಕೆ ನಿಗದಿಪಡಿಸಿರುವ ದರ 90 ಯೂರೋ ಎಂಬುದನ್ನು ಗಮನಿಸಿದರೆ ಎರಡೇ ನಿಮಿಷದ ಈ ದಾಟುವಿಕೆ ಏನೂ ನಷ್ಟವಲ್ಲ. ಉದ್ದಕ್ಕೂ ಹರಡಿದ ಕಾಲುವೆಗೆ ಇಂದಿಗೂ ನಾಲ್ಕೇ ಸೇತುವೆಗಳಿವೆ. 1854ರವರೆಗೆ ಇದ್ದದ್ದು ರಿಯಾಲ್ಟೊ ಒಂದೇ.

ದೋಣಿ ನಿಲ್ಲುವುದು ಮೀನು ಮಾರುಕಟ್ಟೆಯ ಎದುರು. ಅಲ್ಲಿನ ಗೋಡೆಯ ಮೇಲೊಂದು ಕಲ್ಲಿನ ಫಲಕವಿದೆ: ಯಾವ ಮೀನು ಎಷ್ಟು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಮಾರಕೂಡದು ಎಂಬ ಪಟ್ಟಿ. ಸ್ವಲ್ಪ ಮುಂದೆ ಸಾನ್ ಜಾಕೊಮೊ ಎಂಬ ಪುಟ್ಟ ಚರ್ಚಿನ ಹಿಂಗೋಡೆಯ ಮೇಲೆ ವರ್ತಕರಿಗೆ ಇನ್ನೊಂದು ಎಚ್ಚರಿಕೆ: ತೂಕ ಸರಿಯಾಗಿರಲಿ, ಒಪ್ಪಂದದಲ್ಲಿ ಮೋಸ ಬೇಡ ಎಂದು. ನ್ಯಾಯಬೆಲೆ ಅಂಗಡಿಯ ಮುಂದೆ ನಾವು ಬರೆಯುವುದನ್ನು ಅವರು ದೇವರ ಮನೆಯ ಗೋಡೆಯ ಮೇಲೆ ಕೆತ್ತಿಸಿದ್ದರು.

ಮಧ್ಯಯುಗದ ಯುರೋಪಿನಲ್ಲಿ ಕರಿಮೆಣಸಿನ ಬೆಲೆ ನಿರ್ಧಾರವಾಗುತ್ತಿದ್ದ ಜಾಗಗಳಲ್ಲಿ ಇದು ಮುಖ್ಯವಾದದ್ದು. ಮಲಬಾರು ಮತ್ತು ಕೆನರಾ ಕರಾವಳಿಯ ಮೆಣಸು ಅರಬ್ಬೀ ಸಮುದ್ರ, ಕೆಂಪು ಸಮುದ್ರ ದಾಟಿ ಅಲೆಗ್ಸಾಂಡ್ರಿಯ ತಲುಪಿ, ಅಲ್ಲಿಂದ ವೆನಿಸ್ ವರ್ತಕರ ಹಡಗೇರುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾ ಬಳಸಿ ಕಲ್ಲಿಕೋಟೆ ಮುಟ್ಟಿದಾಗ ಲಿಸ್ಬನ್ನಿಗೆ ಹಬ್ಬವಾದರೆ ರಿಯಾಲ್ಟೊದ ವರ್ತಕರಿಗೆ ಎದೆಗುದಿ. ಕೂಡಲೇ ಏನೂ ಮುಳುಗಲಿಲ್ಲ. ಹದಿನಾರನೆಯ ಶತಮಾನದ ನಡುವೆ ಹಳೆಯ ದಾರಿ ಮತ್ತೆ ಚೇತರಿಸಿಕೊಂಡಿತು. ಆದರೂ ದೀರ್ಘಕಾಲದಲ್ಲಿ ಸೋತದ್ದು ವೆನಿಸ್ಸೇ.

ಕನ್ನಡ ನಾಡಿನ ಶಾಲಾ ಪಠ್ಯಗಳಲ್ಲಿ ಬರುವ ಇಬ್ಬರು ಪ್ರವಾಸಿಗರ ಹೆಸರು ಈ ಊರಿನೊಂದಿಗೆ ಬೆಸೆದುಕೊಂಡಿದೆ. ಒಬ್ಬ ನಿಕೊಲೊ ಕಾಂಟಿ. ವೆನಿಸ್ ಲಗೂನಿನ ದಕ್ಷಿಣ ತುದಿಯ ಕಿಯೋಜಾದಲ್ಲಿ ಹುಟ್ಟಿದ ಈ ವರ್ತಕ ಸುಮಾರು 1420ರಲ್ಲಿ ವಿಜಯನಗರ ಕಂಡ. ಅದರ ಸುತ್ತಳತೆ ಅರುವತ್ತು ಮೈಲಿ ಎಂದ. ಕಾಲು ಶತಮಾನದ ಅಲೆದಾಟದ ಬಳಿಕ ತಾಯ್ನಾಡಿಗೆ ಮರಳುವ ದಾರಿಯಲ್ಲಿ, ಈಜಿಪ್ಟಿನಲ್ಲಿ, ಆತನ ಹೆಂಡತಿಯೂ ಇಬ್ಬರು ಮಕ್ಕಳೂ ಪ್ಲೇಗಿಗೆ ಬಲಿಯಾದರು. ಆತ ಹೇಳಿದ್ದನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿ ಬರೆದಿಟ್ಟಿದ್ದರಿಂದ ಅದು ಉಳಿಯಿತು.

ಇನ್ನೊಬ್ಬ ಸೀಸರ್ ಫ್ರೆಡ್ರಿಕ್, ಇಟಾಲಿಯನ್ನಿನಲ್ಲಿ ಚೇಸರೆ ಫೆದೆರಿಚಿ. 1563ರಲ್ಲಿ ವೆನಿಸ್ ಬಿಟ್ಟು 1567ರಲ್ಲಿ ವಿಜಯನಗರಕ್ಕೆ ಬಂದ. ರಕ್ಕಸತಂಗಡಿ ಕದನ ಮುಗಿದು ಆಗ ಎರಡು ವರ್ಷ. ಏಳು ತಿಂಗಳು ಅಲ್ಲಿದ್ದು ಆತ ಬರೆದ ವೃತ್ತಾಂತ 1587ರಲ್ಲಿ ವೆನಿಸ್‌ನಲ್ಲೇ ಅಚ್ಚಾಯಿತು. ಊರು ಪೂರ್ತಿ ನೆಲಸಮವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಜನರಿಲ್ಲ, ಒಳಗಿರುವುದು ಹುಲಿ ಮೊದಲಾದ ಕಾಡುಮೃಗಗಳು ಎಂಬುದು ಆತನ ಮಾತಿನ ತಾತ್ಪರ್ಯ. ಕಲ್ಲು ಉಳಿದು ಜನ ಹೋದರೆ ಊರು ಏನಾಗುತ್ತದೆ ಎಂಬುದನ್ನು ವೆನಿಸ್ ರಾಜ್ಯದ ಪ್ರಜೆಯೊಬ್ಬ ಕಣ್ಣಾರೆ ಕಂಡದ್ದು ನಮ್ಮ ಹಂಪಿಯಲ್ಲಿ.

ಮಧ್ಯಾಹ್ನದ ಊಟಕ್ಕೆ ರಿಯಾಲ್ಟೊ ಸುತ್ತಿನ ‘ಬಾಕರೊ’ಗಳೇ ಲೇಸು. ನಿಂತೇ ತಿನ್ನುವ ಪುಟ್ಟ ಅಂಗಡಿಗಳಿವು. ಒಣಮೀನನ್ನು ಬೆಣ್ಣೆಯಂತೆ ಕಡೆದು ರೊಟ್ಟಿಗೆ ಬಳಿದದ್ದು, ಈರುಳ್ಳಿ-ವಿನೆಗರಿನಲ್ಲಿ ನೆನೆಸಿದ ಭೂತಾಯಿ ಜಾತಿಯ ಮೀನು, ಸಸ್ಯಾಹಾರಿಗಳಿಗೆ ಬದನೆ, ಚೀಸು. ಒಂದು ಲೋಟ ದ್ರಾಕ್ಷಾರಸಕ್ಕೆ ಇಲ್ಲಿ ‘ಒಂಬ್ರಾ’, ಅಂದರೆ ನೆರಳು ಎನ್ನುತ್ತಾರೆ.

ಅಂಗಡಿಯ ಗಾಜಿನಲ್ಲಿ ಜನಗಣತಿ

1591ರಲ್ಲಿ ಮುಗಿದ ರಿಯಾಲ್ಟೊ ಕಲ್ಲು ಸೇತುವೆಯನ್ನು ಹತ್ತಿ ಇಳಿದರೆ ಸಾನ್ ಬಾರ್ತೊಲೊಮೆಯೊ ಚೌಕ. ಇಲ್ಲಿನ ಒಂದು ಔಷಧ ಅಂಗಡಿಯ ಗಾಜಿನ ಹಿಂದೆ 2008ರಿಂದ ಒಂದು ವಿದ್ಯುತ್ ಫಲಕ ಉರಿಯುತ್ತಿದೆ. ಅದರಲ್ಲಿ ಒಂದೇ ಸಂಖ್ಯೆ: ಹಳೆಯ ವೆನಿಸ್‌ನಲ್ಲಿ ಉಳಿದಿರುವ ನಿವಾಸಿಗಳೆಷ್ಟು ಎಂಬುದು. ಅದನ್ನು ತೂಗುಹಾಕಿದಾಗ ಸಂಖ್ಯೆ ಸುಮಾರು 60 ಸಾವಿರವಿತ್ತು. 2022ರ ಆಗಸ್ಟಿನಲ್ಲಿ 50 ಸಾವಿರಕ್ಕಿಂತ ಕೆಳಗಿಳಿಯಿತು. 1951ರಲ್ಲಿ ಇದೇ ದ್ವೀಪಗಳಲ್ಲಿ ಸುಮಾರು 1 ಲಕ್ಷ 75 ಸಾವಿರ ಜನರಿದ್ದರು. ಯುದ್ಧವಿಲ್ಲದೆ, ಸಾಂಕ್ರಾಮಿಕವಿಲ್ಲದೆ, ಒಂದು ಜೀವಮಾನದೊಳಗೆ ಹತ್ತರಲ್ಲಿ ಏಳು ಜನ ಕಾಣೆಯಾದ ಲೆಕ್ಕ ಇದು.

ಹೋದವರೆಲ್ಲ ಪ್ರವಾಸಿಗರಿಗೆ ಹೆದರಿ ಹೋದವರೇನಲ್ಲ. ಮೊದಲ ಅಲೆಯಲ್ಲಿ ಜನ ಹೋದದ್ದು ಒಣ ಗೋಡೆ, ಕಾರು ನಿಲ್ಲಿಸುವ ಜಾಗ, ಕಾರ್ಖಾನೆಯ ಕೆಲಸ ಹುಡುಕಿಕೊಂಡು ಮೆಸ್ತ್ರೆಗೆ. 1966ರ ಮಹಾ ನೆರೆ ನೆಲಮಹಡಿಯ ವಾಸವನ್ನು ದುಸ್ತರಗೊಳಿಸಿತು. ಆದರೆ ಖಾಲಿಯಾದ ಮನೆಗಳಿಗೆ ಹೊಸ ಕುಟುಂಬಗಳು ಬರಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಪ್ರವಾಸೋದ್ಯಮದಲ್ಲೇ ಇದೆ. ತಿಂಗಳ ಬಾಡಿಗೆಗೆ ಶಿಕ್ಷಕನಿಗೋ ನರ್ಸಿಗೋ ಕೊಡುವ ಮನೆಯನ್ನು ದಿನದ ಬಾಡಿಗೆಗೆ ಪ್ರವಾಸಿಗೆ ಕೊಟ್ಟರೆ ಮಾಲೀಕನಿಗೆ ಹಲವು ಪಟ್ಟು ಲಾಭ. ಮನೆಗಳು ಹೋದ ಮೇಲೆ ಅಂಗಡಿಗಳ ಸರದಿ. ಕಟುಕ, ಚಮ್ಮಾರ, ಬೇಕರಿಯವ ಬಾಗಿಲು ಹಾಕಿದ ಕಡೆ ಮುಖವಾಡದ ಅಂಗಡಿ ತೆರೆಯುತ್ತದೆ. ಹಾಲು ತರಲು ಎರಡು ಸೇತುವೆ ದಾಟಬೇಕಾದ ಅಜ್ಜಿ ಮಗಳ ಮನೆಗೆ ಹೊರಡುತ್ತಾಳೆ. ಆಕೆಯ ಮನೆಯೂ ದಿನಬಾಡಿಗೆಗೆ ಸೇರುತ್ತದೆ. 2023ರಲ್ಲಿ ಪ್ರವಾಸಿಗರಿಗೆ ಮೀಸಲಾದ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ಮೀರಿತೆಂದು ನಾಗರಿಕರ ಸಂಘಟನೆಯೊಂದು ಲೆಕ್ಕ ಕೊಟ್ಟಿತು.

ಐದು ಯೂರೋ ಸುಂಕದ ದೌರ್ಬಲ್ಯ ಇಲ್ಲೇ ಕಾಣುತ್ತದೆ. ಅದು ಹಗಲು ಪ್ರವಾಸಿಯನ್ನು ಹಿಡಿಯುತ್ತದೆ, ಮನೆಯನ್ನು ನುಂಗಿದ ಹಾಸಿಗೆಯನ್ನು ಮುಟ್ಟುವುದಿಲ್ಲ. ಮೊದಲ ವರ್ಷ ಸುಂಕದಿಂದ ಸುಮಾರು 24 ಲಕ್ಷ ಯೂರೋ ಸಂಗ್ರಹವಾಯಿತು. ಜನಸಂದಣಿ ಮಾತ್ರ ಎದ್ದು ಕಾಣುವಂತೆ ಕರಗಲಿಲ್ಲ ಎಂಬುದು ಟೀಕಾಕಾರರ ವಾದ. ಸಾವಿರಾರು ಮೈಲಿ ಹಾರಿ ಬಂದವರು ಒಂದು ಕಾಫಿಯ ಬೆಲೆಗೆ ಹಿಂದಿರುಗುತ್ತಾರೆಯೇ? ಯಾವ ದಿನ ಎಷ್ಟು ಜನ ಬರುತ್ತಾರೆಂದು ಮೊದಲೇ ತಿಳಿಯುವುದೇ ತಮ್ಮ ಉದ್ದೇಶ ಎಂಬ ಪಾಲಿಕೆಯ ಸಮಜಾಯಿಷಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಎಣಿಕೆಯೇ ಮದ್ದಲ್ಲ. ಹೋಲಿಸಿದರೆ ಇತರ ಎರಡು ಕ್ರಮಗಳು ಕಣ್ಣಿಗೆ ಕಾಣುವಂಥವು. 2021ರ ಆಗಸ್ಟಿನಿಂದ ಭಾರಿ ವಿಹಾರ ಹಡಗುಗಳು ಸಾನ್ ಮಾರ್ಕೊ ಮುಂದಿನಿಂದ ಹಾಯುವಂತಿಲ್ಲ. 2024ರಿಂದ ಗೈಡುಗಳು 25ಕ್ಕಿಂತ ಹೆಚ್ಚು ಜನರ ಗುಂಪನ್ನು ಕರೆದೊಯ್ಯುವಂತಿಲ್ಲ, ಧ್ವನಿವರ್ಧಕ ಬಳಸುವಂತಿಲ್ಲ.

ಹಳೆಯ ನಗರದ ಕೈಯಲ್ಲಿ ತನ್ನ ಭವಿಷ್ಯವೂ ಇಲ್ಲ. ಮೆಸ್ತ್ರೆ ಸೇರಿ ಪಾಲಿಕೆಯ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ. ಮತದಾರರಲ್ಲಿ ಬಹುಸಂಖ್ಯಾತರು ಮುಖ್ಯಭೂಮಿಯವರು. ಪ್ರತ್ಯೇಕ ಪಾಲಿಕೆ ಬೇಕೆಂಬ ಜನಮತಗಣನೆ ಐದು ಬಾರಿ ನಡೆದು ಐದು ಬಾರಿಯೂ ವಿಫಲವಾಯಿತು. ಕೊನೆಯದು 2019ರ ಡಿಸೆಂಬರಿನಲ್ಲಿ, ಮತ ಹಾಕಲು ಸಾಕಷ್ಟು ಜನ ಬಾರದೆ ಬಿದ್ದುಹೋಯಿತು.

ನೀರಿನ ಜೊತೆ ಒಪ್ಪಂದ

1499ರ ಗಡಿಯಾರ ಗೋಪುರದ ಕಮಾನಿನಡಿ ನುಸುಳಿದರೆ ಸಾನ್ ಮಾರ್ಕೊ ಚೌಕ. ನೆಪೋಲಿಯನ್ 1797ರಲ್ಲಿ ಪ್ಯಾರಿಸಿಗೆ ಹೊತ್ತೊಯ್ದು 1815ರಲ್ಲಿ ಮರಳಿ ಬಂದ ಕಂಚಿನ ಕುದುರೆಗಳು ಇಲ್ಲಿವೆ. ಅವನ್ನು ವೆನಿಸ್ಸಿನವರೇ 1204ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಿಂದ ಕದ್ದು ತಂದಿದ್ದರು. ಹೊರಗೆ ಕಾಣುವುದು ನಕಲು, ಅಸಲಿ ಒಳಗಿದೆ. 1902ರಲ್ಲಿ ಕುಸಿದುಬಿದ್ದು, 1912ರಲ್ಲಿ ಇದ್ದಲ್ಲೇ ಇದ್ದಂತೆಯೇ ಮತ್ತೆ ಎದ್ದ ಗಂಟೆಗೋಪುರವಿದೆ. ದೊರೆಯ ಅರಮನೆಯ ವರ್ಣನೆ ಎಲ್ಲ ಪ್ರವಾಸ ಪುಸ್ತಕಗಳಲ್ಲೂ ಸಿಗುವುದರಿಂದ ಇಲ್ಲಿ ಬೇಡ. ದಂಪತಿ ನೋಡಬೇಕಾದದ್ದು ಕಾಲಕೆಳಗಿನ ನೆಲವನ್ನು.

ಇಡೀ ಊರಿನಲ್ಲಿ ಅತಿ ತಗ್ಗಿನ ಜಾಗಗಳಲ್ಲಿ ಈ ಚೌಕ ಒಂದು. ಉಬ್ಬರ 80 ಸೆಂಟಿಮೀಟರ್ ದಾಟುತ್ತಿದ್ದಂತೆ ಇಲ್ಲಿ ಚಪ್ಪಡಿಗಳ ನಡುವಿನಿಂದ ನೀರು ಚಿಮ್ಮತೊಡಗುತ್ತದೆ. ಅದು ದಡ ಹಾರಿ ಬರುವುದಿಲ್ಲ. ಚರಂಡಿಯ ಮೂಲಕ ಕೆಳಗಿನಿಂದ ಏರುತ್ತದೆ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಮುಟ್ಟಿತ್ತು, 2019ರ ನವೆಂಬರ್ 12ರಂದು 187. ಸಮುದ್ರ ಏರುತ್ತಿರುವುದು ಒಂದೆಡೆಯಾದರೆ ಊರು ತಗ್ಗಿದ್ದು ಇನ್ನೊಂದೆಡೆ. ಎದುರು ದಡದ ಮಾರ್ಗೇರಾ ಕೈಗಾರಿಕೆಗಳು ದಶಕಗಳ ಕಾಲ ಅಂತರ್ಜಲ ಹೀರಿದ್ದರಿಂದ ನೆಲ ಕುಸಿಯಿತು. 1970ರ ದಶಕದಲ್ಲಿ ಅದಕ್ಕೆ ತಡೆ ಬಿದ್ದರೂ ಕುಸಿದ ನೆಲ ಏಳಲಿಲ್ಲ.

ಇದಕ್ಕೆ ಕಂಡುಕೊಂಡ ಉತ್ತರ ‘ಮೋಸೆ’ ಯೋಜನೆ. ಲಗೂನಿಗೆ ಸಮುದ್ರ ಸೇರುವ ಮೂರು ಅಳಿವೆಗಳ ತಳದಲ್ಲಿ 78 ಟೊಳ್ಳು ಉಕ್ಕಿನ ಬಾಗಿಲುಗಳು ನೀರು ತುಂಬಿಕೊಂಡು ಮಲಗಿರುತ್ತವೆ. 110 ಸೆಂಟಿಮೀಟರ್ ಮೀರುವ ಉಬ್ಬರದ ಮುನ್ಸೂಚನೆ ಬಂದರೆ ಗಾಳಿ ಒತ್ತಿ ಒಳಗಿನ ನೀರನ್ನು ಹೊರದೂಡುತ್ತಾರೆ. ಬಾಗಿಲುಗಳು ತೇಲಿ ಎದ್ದು ಅಡ್ಡ ನಿಲ್ಲುತ್ತವೆ. 2003ರಲ್ಲಿ ಆರಂಭವಾದ ಕಾಮಗಾರಿ 500 ಕೋಟಿ ಯೂರೋಗೂ ಹೆಚ್ಚು ನುಂಗಿತು. 2014ರಲ್ಲಿ ಲಂಚ ಹಗರಣ ಸ್ಫೋಟಿಸಿ ಆಗಿನ ಮೇಯರ್ ಸಹಿತ ಹಲವರ ಬಂಧನವಾಯಿತು. ಅಂತೂ 2020ರ ಅಕ್ಟೋಬರ್ 3ರಂದು ಬಾಗಿಲುಗಳು ಮೊದಲ ಬಾರಿ ನಿಜವಾದ ಉಬ್ಬರವನ್ನು ತಡೆದವು. ಅಂದಿನಿಂದ ಬಹುತೇಕ ದೊಡ್ಡ ನೆರೆಗಳು ಊರಿಗೆ ನುಗ್ಗಿಲ್ಲ. 80ರಿಂದ 110ರ ನಡುವಿನ ನೀರಿಗೆ ಚೌಕ ಇನ್ನೂ ತೆರೆದೇ ಇರುವುದರಿಂದ 2022ರಲ್ಲಿ ಚರ್ಚಿನ ಸುತ್ತ ಗಾಜಿನ ತಡೆಗೋಡೆ ಹಾಕಲಾಯಿತು. ಸಮುದ್ರ ಏರಿದಂತೆಲ್ಲ ಬಾಗಿಲು ಮುಚ್ಚುವ ದಿನಗಳು ಹೆಚ್ಚುತ್ತವೆ. ಮುಚ್ಚಿದಾಗಲೆಲ್ಲ ಬಂದರಿನ ಹಡಗುಗಳು ಕಾಯಬೇಕು, ಉಬ್ಬರ-ಇಳಿತಗಳೇ ತೊಳೆಯುವ ಲಗೂನಿನ ನೀರು ನಿಲ್ಲಬೇಕು.

ಕಟ್ಟಡಗಳು ನಿಂತಿರುವುದಾದರೂ ಹೇಗೆ? ಕಾಲುವೆಯಾಚೆ ಕಾಣುವ ಸಾಂತಾ ಮರಿಯಾ ದೆಲ್ಲಾ ಸಾಲೂತೆ ಚರ್ಚನ್ನು 1630-31ರ ಪ್ಲೇಗಿನ ಹರಕೆಯಾಗಿ ಕಟ್ಟಿದರು. ಅದರ ಅಡಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮರದ ಗೂಟಗಳಿವೆಯೆಂಬುದು ಬಹುಕಾಲದಿಂದ ಬಂದ ಲೆಕ್ಕ. ಮೆತ್ತನೆಯ ಕೆಸರಿನಲ್ಲಿ ಒತ್ತೊತ್ತಾಗಿ ಗೂಟ ಹೊಡೆದು, ಮೇಲೆ ಹಲಗೆ ಹಾಸಿ, ಅದರ ಮೇಲೆ ನೀರು ಹೀರದ ಇಸ್ತ್ರಿಯಾದ ಬಿಳಿಗಲ್ಲಿನ ವರಸೆ ಇಟ್ಟು, ನಂತರ ಇಟ್ಟಿಗೆ ಕಟ್ಟುವುದು ಇಲ್ಲಿನ ಕ್ರಮ. ಮರ ಕಲ್ಲಾಗಿ ಬಿಟ್ಟಿದೆ ಎಂದು ಗೈಡುಗಳು ಹೇಳುವುದುಂಟು, ಅದು ನಿಜವಲ್ಲ. ಕೆಸರಿನೊಳಗೆ ಗಾಳಿಯಾಡದ ಕಾರಣ ಮರ ಬೇಗ ಕೊಳೆಯುವುದಿಲ್ಲ, ನಿಧಾನವಾಗಿ ಸವೆಯುತ್ತದೆ. ಮರ, ಕೆಸರು ಎರಡೂ ಸೇರಿ ಭಾರ ಹೊರುತ್ತವೆ. ಏರಿದ ಉಪ್ಪುನೀರು ಬಿಳಿಗಲ್ಲನ್ನು ದಾಟಿ ಇಟ್ಟಿಗೆಗೆ ತಾಗಿದಾಗಲೇ ನಿಜವಾದ ಅಪಾಯ. ಕಾಲುವೆ ಬದಿಯ ಗೋಡೆಗಳಲ್ಲಿ ಉದುರುವ ಇಟ್ಟಿಗೆಯ ಪುಡಿ ಅದರ ಗುರುತು.

ನಾಲ್ಕು ಗಂಟೆಯ ನಂತರ

ಸಾನ್ ಮಾರ್ಕೊದಿಂದ ನೀರಿನ ಅಂಚು ಹಿಡಿದು ಪೂರ್ವಕ್ಕೆ ನಡೆದರೆ ಜನಸಂದಣಿ ಪ್ರತಿ ಸೇತುವೆಗೂ ತೆಳುವಾಗುತ್ತ ಹೋಗುತ್ತದೆ. ಒಂದು ಕಿಲೋಮೀಟರಿನ ಆಚೆ ಕಾಸ್ತೆಲ್ಲೊ ವಿಭಾಗದ ಗ್ಯಾರಿಬಾಲ್ಡಿ ಬೀದಿ. ಈ ಊರಿಗೆ ಅಪರೂಪವೆನಿಸುವಷ್ಟು ಅಗಲ, ಏಕೆಂದರೆ ಇದೂ ಕಾಲುವೆಯೇ. ನೆಪೋಲಿಯನ್ನನ ಆಳ್ವಿಕೆಯಲ್ಲಿ, 1807ರಲ್ಲಿ ಮುಚ್ಚಿಸಿದ್ದು. ಬೀದಿಯ ತುದಿಯಲ್ಲಿ ಕಾಲುವೆ ಮತ್ತೆ ತೆರೆದುಕೊಳ್ಳುವ ಕಡೆ ತರಕಾರಿ ಮಾರುವ ದೋಣಿಯಿದೆ. ಪಕ್ಕದ ಓಣಿಗಳಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿರುತ್ತಾರೆ. ಶಾಲೆ ಬಿಟ್ಟ ಮಕ್ಕಳು, ಬೆಂಚಿನ ಮೇಲಿನ ಮುದುಕರು, ನಾಯಿ ಹಿಡಿದ ಹೆಂಗಸರು, ಬೆಳಿಗ್ಗೆಯಿಂದ ದಂಪತಿಗೆ ಕಾಣದಿದ್ದವರೆಲ್ಲ ಇಲ್ಲಿದ್ದಾರೆ.

ಇನ್ನೂ ಮುಂದೆ, ಉದ್ದನೆಯ ಸೇತುವೆಯ ಆಚೆ ಸಾನ್ ಪಿಯೆತ್ರೊ ದ್ವೀಪ. ವಾಲಿದ ಬಿಳಿಗಲ್ಲಿನ ಗಂಟೆಗೋಪುರ, ಮುಂದೆ ಹುಲ್ಲು ಬೆಳೆದ ಚೌಕ. ‘ಕಾಂಪೊ’ ಎಂದರೆ ಹೊಲ ಎಂಬ ಮಾತು ಅಕ್ಷರಶಃ ಉಳಿದಿರುವ ಜಾಗ. 1807ರವರೆಗೆ ವೆನಿಸ್‌ನ ಪ್ರಧಾನ ಚರ್ಚು ಸಾನ್ ಮಾರ್ಕೊ ಆಗಿರಲಿಲ್ಲ, ಇದಾಗಿತ್ತು ಎಂಬುದು ಅಲ್ಲಿ ಸೆಲ್ಫಿ ತೆಗೆದುಕೊಳ್ಳುವ ಬಹಳ ಮಂದಿಗೆ ಗೊತ್ತಿಲ್ಲ.

ಇಂಥ ಕಡೆಗೂ ಪ್ರವಾಸಿಗರನ್ನು ಕಳುಹಿಸಿದರೆ ಉಳಿದಿರುವ ನೆಮ್ಮದಿಯೂ ಹಾಳಾಗದೇ ಎಂಬ ಆಕ್ಷೇಪ ಸಹಜವೇ. ಅದರಲ್ಲಿ ಹುರುಳಿದೆ. ಆದರೆ ಮೂರು ಗಂಟೆಯಲ್ಲಿ ನಿಲ್ದಾಣದಿಂದ ಚೌಕಕ್ಕೆ, ಚೌಕದಿಂದ ನಿಲ್ದಾಣಕ್ಕೆ ಓಡುವವರು ಕೊಳ್ಳುವುದು ಮುಖವಾಡ, ಬಿಡುವುದು ಖಾಲಿ ಬಾಟಲಿ. ಇಡೀ ದಿನ ನಡೆದವರು ಬೇಕರಿಯಲ್ಲಿ ರೊಟ್ಟಿ ಕೊಳ್ಳುತ್ತಾರೆ, ದೋಣಿಯವನಿಂದ ಹಣ್ಣು ಕೊಳ್ಳುತ್ತಾರೆ. ನಮ್ಮಲ್ಲಿಂದ ಹತ್ತು ದಿನದಲ್ಲಿ ಏಳೆಂಟು ದೇಶ ತೋರಿಸುವ ಪ್ಯಾಕೇಜ್ ಪ್ರವಾಸಗಳು ವೆನಿಸ್‌ಗೆ ಸಾಮಾನ್ಯವಾಗಿ ಅರ್ಧ ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ. ಹೋಗುವವರು ಕನಿಷ್ಠ ಒಂದು ಪೂರ್ತಿ ದಿನ ಕೇಳಿ ಪಡೆಯುವುದು ಒಳ್ಳೆಯದು. ಸುಂಕದ ದಿನಗಳು ವರ್ಷವರ್ಷವೂ ಬದಲಾಗುವುದರಿಂದ ಹೊರಡುವ ಮುನ್ನ ನಗರಪಾಲಿಕೆಯ ಜಾಲತಾಣ ನೋಡಿಕೊಳ್ಳಬೇಕು. ಮರಳುವಾಗ ಸೇತುವೆಯ ಮೇಲೆ ನಿಂತು ದಾರಿ ಕಟ್ಟದಿರುವುದು, ಓಣಿಯಲ್ಲಿ ಬಲಕ್ಕೆ ನಡೆಯುವುದು ಅಲ್ಲಿನ ಅಲಿಖಿತ ನಿಯಮ.

ಸಂಜೆ ನಾಲ್ಕರ ಬಳಿಕ ಬರುವವರಿಗೆ ಸುಂಕವಿಲ್ಲ. ಆ ಹೊತ್ತಿಗೆ ಜನಪ್ರವಾಹ ತಿರುಗಿ ನಿಲ್ದಾಣದತ್ತ ಹರಿಯತೊಡಗುತ್ತದೆ. ಕತ್ತಲಾದ ಮೇಲೆ ಮಹಾ ಕಾಲುವೆಯ ಇಕ್ಕೆಲದ ಅರಮನೆಗಳಲ್ಲಿ ಹೋಟೆಲಾದವು ಝಗಮಗಿಸುತ್ತವೆ, ಉಳಿದ ಹಲವದರಲ್ಲಿ ಮೇಲಂತಸ್ತಿನ ಕಿಟಕಿಗಳಿಗೆ ದೀಪವೇ ಇರುವುದಿಲ್ಲ. ರಾತ್ರಿಯ ಮೆಸ್ತ್ರೆ ರೈಲಿಗೆ ಹತ್ತೇ ಹತ್ತು ಹನ್ನೆರಡು ನಿಮಿಷದ ಹಾದಿ. ಹಗಲು ಪ್ರವಾಸಿಗರ ಜೊತೆಗೆ ಆ ರೈಲಿಗೂ ಬಸ್ಸಿಗೂ ಹತ್ತುವವರಲ್ಲಿ ಅಡುಗೆಯವರು, ಮಾಣಿಗಳು, ಕೋಣೆ ಗುಡಿಸುವವರು, ಅಂಗಡಿಯ ಹುಡುಗಿಯರು ಇರುತ್ತಾರೆ. ಬೆಳಗಿನಿಂದ ವೆನಿಸ್‌ನಲ್ಲಿ ದುಡಿದು, ಮಲಗಲು ಆಚೆ ದಡಕ್ಕೆ ಹೊರಟವರು.